ಏಳು ಕೇಳಿದರೆ ಏಳು ಉತ್ತರ

ಗಂಗಾಂಬಿಕೆ ಎಂಬ ಪ್ರೋಗ್ರಾಮರ್ ಒಂದು ರಕ್ತ ಪರೀಕ್ಷಾ ಕೇಂದ್ರಕ್ಕೆ ಪ್ರೋಗ್ರಾಂ ಬರೆಯುತ್ತಿದ್ದಳು. ಅದರ ಜೀವಾಳ ಒಂದು ಫಂಕ್ಷನ್, ಅಂದರೆ ಕೊಟ್ಟದ್ದನ್ನು ತೆಗೆದುಕೊಂಡು ಉತ್ತರ ವಾಪಸ್ ಕೊಡುವ ಪ್ರೋಗ್ರಾಮಿನ ಒಂದು ತುಣುಕು. ಎರಡು ಪರೀಕ್ಷೆ ಕೊಡಿ, ಹತ್ತು ಕೊಡಿ, ಬೇಡ ಅನ್ನದೆ ಎಲ್ಲವನ್ನೂ ತೆಗೆದುಕೊಳ್ಳುತ್ತಿತ್ತು. ಅವಳಿಗೋ, ಜಂಭವೋ ಜಂಭ!

ಸಂಜೆ ನಾಲ್ಕಕ್ಕೆ ಕೇಂದ್ರದ ಡಾಕ್ಟರು ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಮೂರು ತಿಂಗಳ ದುಡಿಮೆ ನೀರುಪಾಲು. ಅವಳಿಗೆ ವಿದ್ಯೆ ಕಲಿಸಿದ ಮುರಿಗೆಪ್ಪ ಮೇಷ್ಟ್ರು ಬೆಳಗ್ಗೆಯೇ ಬಂದು, ಪರೀಕ್ಷೆಗೆಂದು ತಮ್ಮ ರಕ್ತವನ್ನೇ ಕೊಟ್ಟರು.

ನಾಲ್ಕು ಪರೀಕ್ಷೆ ಒಳಗೆ ಹೋದವು. ಹೊರಗೆ ಬಂದ ಉತ್ತರ ಒಂದೇ: ‘ಮಲೇರಿಯಾ ಇಲ್ಲ.’

“ಸಂತೋಷ ಕಣವ್ವಾ. ಉಳಿದ ಮೂರು ಎಲ್ಲಿ? ನಿನ್ನ ಫಂಕ್ಷನ್ ನುಂಗಿ ನೀರು ಕುಡಿಯಿತೇ?” ಎಂದರು ಮೇಷ್ಟ್ರು.

ಅವಳ ಮುಖ ಸಪ್ಪಗಾಯಿತು. ಫಂಕ್ಷನ್ ನಾಲ್ಕನ್ನೂ ನೋಡಿತ್ತು, ಆದರೆ ಕೊನೆಯದನ್ನು ಮಾತ್ರ ವಾಪಸ್ ಕೊಟ್ಟಿತ್ತು.

ಜೊತೆಯಲ್ಲಿ ಕೆಲಸ ಮಾಡುವ ಶಫೀಕ್ ಹೇಳಿದ: “ಎರಡು ಪರೀಕ್ಷೆಗೊಂದು, ಮೂರಕ್ಕೊಂದು, ನಾಲ್ಕಕ್ಕೊಂದು ಫಂಕ್ಷನ್ ಬರೆದು ಹಾಕು. ಡಾಕ್ಟರು ಅದಕ್ಕಿಂತ ಹೆಚ್ಚು ಕೇಳೋದಿಲ್ಲ ಬಿಡು.”

ಹ್ಞೂಂ ಅನ್ನುವುದು ಎಷ್ಟು ಸುಲಭವಿತ್ತು! ಆದರೂ ಅವಳು ಬೇಡವೆಂದು ತಲೆಯಾಡಿಸಿದಳು. “ಐದನೆಯದು ಬೇಕಾದ ರೋಗಿಗೆ ಏನಂತ ಹೇಳಲಿ?”

ಊಟ ಬಿಟ್ಟು ಕೂತಳು. ಒಂದು ಉತ್ತರ ಅಂಕಿ, ಇನ್ನೊಂದು ರಕ್ತದ ಗುಂಪಿನ ಹೆಸರು, ಮತ್ತೊಂದು ಬರೀ ಹೌದು-ಅಲ್ಲ. ಒಂದನ್ನು ಇನ್ನೊಂದರ ಜಾಗಕ್ಕೆ ತುರುಕದೆ, ಕೇಳಿದ ಕ್ರಮದಲ್ಲೇ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಇಟ್ಟಳು. ಇಂಥ ಕಟ್ಟಿಗೆ ಪ್ರೋಗ್ರಾಮರುಗಳು ಟ್ಯುಪಲ್ ಅನ್ನುತ್ತಾರೆ. ಎಷ್ಟು ಒಳಗೆ ಹೋದವೋ ಅಷ್ಟೇ ಹೊರಗೆ ಬರಬೇಕು, ಅಷ್ಟೇ.

ಡಾಕ್ಟರು ಬಂದರು. ರಕ್ತ ಕೊಟ್ಟ ಮೇಷ್ಟ್ರೂ ಅಲ್ಲೇ ಕೂತಿದ್ದರು. “ಏಳು ಪರೀಕ್ಷೆ ಮಾಡಿಸಿ ನೋಡೋಣ!” ಅಂದರು.

ನಾಲ್ಕು ಸಾಕೆಂದಿದ್ದ ಶಫೀಕ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಗಂಗಾಂಬಿಕೆ ಫಂಕ್ಷನ್ನನ್ನು ಕೆಲಸಕ್ಕೆ ಕರೆಯುವ ಸಾಲಿನಲ್ಲಿ ಏಳು ಪರೀಕ್ಷೆಗಳ ಹೆಸರು ಬರೆದಳು. ಫಂಕ್ಷನ್ನಿನ ಒಂದಕ್ಷರವನ್ನೂ ಮುಟ್ಟಲಿಲ್ಲ.

ಒಂದು, ಎರಡು, ಮೂರು... ಏಳಕ್ಕೆ ಏಳೂ ಬಂದವು!

ಐದನೆಯ ಸಾಲಿನಲ್ಲಿ ಡಾಕ್ಟರ ಬೆರಳು ನಿಂತಿತು. ಸಕ್ಕರೆ, ಮುನ್ನೂರ ಹತ್ತು. “ಮೇಷ್ಟ್ರೇ, ಇದು ನಿಮಗೆ ಗೊತ್ತಿತ್ತೇ?”

“ಇಲ್ಲವಲ್ಲ!”

“ಈಗಲಾದರೂ ಗೊತ್ತಾಯಿತಲ್ಲ, ಇಂದಿನಿಂದಲೇ ಔಷಧಿ ಶುರು ಮಾಡೋಣ. ಈ ಪ್ರೋಗ್ರಾಂ ನಾಳೆಯಿಂದಲೇ ನಮ್ಮಲ್ಲಿ ನಡೆಯಲಿ.”

ಮೇಷ್ಟ್ರ ಕಣ್ಣು ತುಂಬಿ ಬಂತು. ಶಿಷ್ಯೆಯ ತಲೆಯ ಮೇಲೆ ಕೈಯಿಟ್ಟು, “ಗೆದ್ದೆ ಕಣವ್ವಾ! ನನ್ನನ್ನೂ ಉಳಿಸಿದೆ!” ಎಂದರು.

ನೀತಿ: ಎಷ್ಟು ಜನರ ಮಾತಿಗೆ ಕಿವಿಗೊಟ್ಟೆವೋ ಅಷ್ಟೂ ಜನರಿಗೆ ಉತ್ತರ ಕೊಡಬೇಕು. ಕೊನೆಯವನಿಗೆ ಮಾತ್ರ ಉತ್ತರಿಸಿ ಕೈ ತೊಳೆದುಕೊಂಡರೆ, ನಾವು ಕೈಬಿಟ್ಟ ಉತ್ತರದಲ್ಲೇ ಯಾರದೋ ಪ್ರಾಣ ಇರಬಹುದು.