ಐಸಿನವನ ಕೊನೆಯ ಗಡ್ಡೆ

“ಗುರುಗಳೇ, ಸಿಕ್ಕಿದ್ದು ಕರಗಿ ಹೋಗದಂತೆ ಇಟ್ಟುಕೊಳ್ಳುವುದು ಹೇಗೆ?”

ಕೇಳಿದವನು ಚನ್ನವೀರ. ಮಠಕ್ಕೆ ಬಂದು ಆರು ವರ್ಷವಾಗಿತ್ತು. ಗುಡ್ಡದಿಂದ ಒಂದೇ ಓಟದಲ್ಲಿ ಇಳಿದು ಬಂದಿದ್ದ. ಆ ದಿನ ಬೆಳಿಗ್ಗೆ ಅವನ ಮನಸ್ಸು ಮೊದಲ ಸಲ ತಣ್ಣಗೆ ನಿಂತಿತ್ತು. ಇನ್ನು ಗುಡ್ಡದ ಗವಿಯಲ್ಲೇ ಇದ್ದುಬಿಡುತ್ತೇನೆ, ಯಾರ ಮುಖವನ್ನೂ ನೋಡುವುದಿಲ್ಲ, ಜನರ ಬಿಸಿ ತಾಕಿದರೆ ಇದು ಹೊರಟುಹೋಗುತ್ತದೆ ಎಂದ. ಏದುಸಿರಿನಲ್ಲೇ ಹೇಳಿ ಮುಗಿಸಿದ. ಅಷ್ಟು ಖುಷಿ.

“ಕೂತುಕೋ. ಮೊದಲು ನೀರು ಕುಡಿ” ಎಂದರು ಗುರುಗಳು.

ಅವನು ಕುಡಿದ. ಅವರು ಕತೆ ಹೇಳಿದರು.

ಕಡಲ ದಡದ ಒಂದು ಊರಿನಲ್ಲಿ ಐಸು ಮಾರುವವನೊಬ್ಬನಿದ್ದ. ಬಂದರಿನ ಐಸು ಕಾರ್ಖಾನೆಯಿಂದ ಗಡ್ಡೆ ತರುವುದು, ಶರಬತ್ತಿನ ಅಂಗಡಿಗೆ, ಮದುವೆ ಮನೆಗೆ ಮುಟ್ಟಿಸುವುದು, ಇದೇ ಅವನ ಕೆಲಸ. ತರುವುದನ್ನು ಯಾರು ಬೇಕಾದರೂ ಮಾಡಿಯಾರು. ಕರಗದಂತೆ ತರುವುದು ಅವನೊಬ್ಬನಿಗೇ ಗೊತ್ತಿತ್ತು. ಕೆಳಗೆ ಮರದ ಹೊಟ್ಟು, ಮೇಲೆ ಮರದ ಹೊಟ್ಟು, ಅದರ ಮೇಲೆ ಒದ್ದೆ ಗೋಣಿ. ಬೇರೆಯವರ ಗಡ್ಡೆ ಮನೆ ಮುಟ್ಟುವ ಹೊತ್ತಿಗೆ ಸವೆದ ಸಾಬೂನಿನ ಹಾಗೆ ಆಗಿರುತ್ತಿತ್ತು. ಅವನ ಗಡ್ಡೆಯ ಅಂಚು ಕೈ ಕೊಯ್ಯುವಷ್ಟು ಚೂಪಾಗಿರುತ್ತಿತ್ತು. ಮೂವತ್ತು ವರ್ಷ ಹೀಗೇ ಹೆಸರು ಉಳಿಸಿಕೊಂಡಿದ್ದ.

ಉಪ್ಪು ಎಂದರೆ ಅವನಿಗೆ ಆಗದು. ಉಪ್ಪು ಬಿದ್ದ ಐಸು ಉಳಿಯುವುದಿಲ್ಲ. ಎದುರಿಗೆ ಉಪ್ಪಿನ ಗಾಡಿ ಬಂದರೆ ತನ್ನ ಗಾಡಿಯನ್ನು ರಸ್ತೆಯ ಆಚೆ ಬದಿಗೆ ಎಳೆದುಕೊಂಡು ಹೋಗುತ್ತಿದ್ದ. ಮನೆಯಲ್ಲೂ ಅದೇ ಕಟ್ಟುನಿಟ್ಟು. ಉಪ್ಪಿಡುವ ಮರದ ಮರಿಗೆ ಒಲೆಯ ಹಿಂದೆ, ಐಸಿನ ಗೂಡು ಹಿತ್ತಲ ತುದಿಯಲ್ಲಿ. ಉಣ್ಣಲು ಕುಳಿತಾಗ ಮಾತ್ರ ಉಪ್ಪನ್ನು ಕ್ಷಮಿಸುತ್ತಿದ್ದ.

ಆದರೆ ಅವನು ಮದುವೆಯಾದದ್ದು ಕಡಲ ನೀರಿನಿಂದ ಉಪ್ಪು ತೆಗೆಯುವ ಆಗರದವರ ಮನೆಯ ಹೆಣ್ಣನ್ನು. ಪಕ್ಕದ ಮನೆಯಲ್ಲಿ ಮೀನು ಮಾರುವ ಮುದುಕಿಯೊಬ್ಬಳಿದ್ದಳು. ಅವಳ ಬಾಯಿಗೆ ಬೇಲಿ ಇರಲಿಲ್ಲ.

“ಮೂವತ್ತು ವರ್ಷ ಉಪ್ಪಿನವಳ ಪಕ್ಕ ಮಲಗಿದೆ, ಇನ್ನೂ ಕರಗಲಿಲ್ಲವಲ್ಲೋ ನೀನು!” ಎಂದು ಬೇಲಿಯ ಆಚೆಯಿಂದ ಕೂಗುತ್ತಿದ್ದಳು.

ಅವನು ನಗುತ್ತಿರಲಿಲ್ಲ. ಹೆಂಡತಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು. ಆ ವರ್ಷ ಅವಳು ಬಸುರಿಯಾಗಿ ತವರಿಗೆ ಬಂದಿದ್ದಳು. ಮೂರು ತಿಂಗಳ ಬಸುರು. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಅನ್ನದ ಹಬೆ ಮೂಗಿಗೆ ಬಡಿದರೆ ಎದ್ದು ಓಡುತ್ತಿದ್ದಳು. ಗಂಜಿಯೂ ಬೇಡ, ಎಳನೀರೂ ಬೇಡ. ನಾಲ್ಕು ದಿನ ಹೀಗೇ ಕಳೆಯಿತು. ಕಣ್ಣು ಗುಳಿಬಿದ್ದಿತು. ಗೋಡೆ ಹಿಡಿದು ನಡೆಯುವಂತಾಯಿತು. ಸೂಲಗಿತ್ತಿ ಬಂದು ನೋಡಿ, “ನಾಳೆ ಬೆಳಗಿನೊಳಗೆ ಏನಾದರೂ ಒಳಗೆ ನಿಲ್ಲಬೇಕು. ಇಲ್ಲದಿದ್ದರೆ ಇಬ್ಬರಿಗೂ ಕಷ್ಟ. ಪಟ್ಟಣದ ಆಸ್ಪತ್ರೆಗೆ ಹೊರಡಿಸಿ” ಎಂದು ಹೇಳಿ ಹೋದಳು.

ಅದೇ ದಿನ ಮಧ್ಯಾಹ್ನ ಮಗಳು ತಾನಾಗಿಯೇ ಬಾಯಿ ತೆರೆದಳು.

“ಅಮ್ಮ, ನಮ್ಮ ಮರದ ಇಶಾಡಿನ ಐಸ್‌ಕ್ರೀಮ್ ಮಾಡಿಕೊಡ್ತೀಯಾ?”

ಇಶಾಡು ಎಂದರೆ ಆ ಕಡೆಯ ಮಾವು. ತೆಳು ಸಿಪ್ಪೆ, ದಪ್ಪ ತಿರುಳು, ಬೆಲ್ಲದಂಥ ಸಿಹಿ.

ನಾಲ್ಕು ದಿನದ ಮೇಲೆ ಅವಳ ಬಾಯಿಂದ ತಿನ್ನುವ ಮಾತು ಬಂದಿತ್ತು. ಮನೆ ಎದ್ದು ನಿಂತಿತು. ತಾಯಿ ಹಾಲು ಒಲೆಗಿಟ್ಟಳು. ಮುದುಕಿ ಹಣ್ಣು ಕೀಳುವ ದೋಟಿ ಹಿಡಿದು ಬಂದಳು. ಮರದಲ್ಲಿ ಮೂರೇ ಹಣ್ಣು ಉಳಿದಿದ್ದವು. ಮೂರನ್ನೂ ಸೆರಗಿಗೇ ಬೀಳಿಸಿಕೊಂಡಳು. “ಬಯಕೆ ಉಳಿಸಿದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಬೇಗ, ಬೇಗ!” ಎಂದು ಎಲ್ಲರನ್ನೂ ಅಟ್ಟಿದಳು. ಹಾಲು ಅರ್ಧಕ್ಕೆ ಇಂಗಿತು. ಸಕ್ಕರೆ ಬಿತ್ತು. ಹಾಲು ಪೂರ್ತಿ ಆರಿದ ಮೇಲೆ ಹಣ್ಣಿನ ತಿರುಳನ್ನು ಕಿವುಚಿ ಸೇರಿಸಿದರು. ಎಲ್ಲವನ್ನೂ ಮುಚ್ಚಳದ ಕ್ಯಾನಿಗೆ ಸುರಿದರು.

“ಇಲ್ಲಿಂದ ಮುಂದೆ ನನ್ನ ಕೆಲಸ. ಯಾರೂ ಕೈ ಹಾಕಬೇಡಿ” ಎಂದ ಐಸಿನವನು.

ಅವನ ಗೂಡಿನಲ್ಲಿ ಇದ್ದದ್ದು ಒಂದೇ ಗಡ್ಡೆ. ಮಳೆಗಾಲ ಹತ್ತಿರ ಬಂದಿತ್ತು. ದೋಣಿಗಳು ದಡ ಏರಿದ್ದವು. ಮೀನಿಗೆ ಐಸು ಬೇಡವಾಗಿ ಕಾರ್ಖಾನೆ ಮುಚ್ಚಿತ್ತು. ಇನ್ನು ಎರಡು ತಿಂಗಳು ಆ ಊರಿನಲ್ಲಿ ಐಸಿಲ್ಲ. ಅವನು ಗಡ್ಡೆಯನ್ನು ಮಗುವಿನ ಹಾಗೆ ಎತ್ತಿ ತಂದ. ಉಳಿಯಿಂದ ನಡುವೆ ಒಂದು ಗುಳಿ ಕೊರೆದ. ಕ್ಯಾನನ್ನು ಅದರಲ್ಲಿ ಕೂರಿಸಿದ. ಸುತ್ತ ಹೊಟ್ಟು ತುಂಬಿದ. ಮೇಲೆ ಒದ್ದೆ ಗೋಣಿ ಹೊದಿಸಿದ. ಮಗಳು ಬಾಗಿಲಿಗೆ ಒರಗಿ ಕುಳಿತು ಕಾದಳು.

ಒಂದು ಗಂಟೆ ಆಯಿತು. ಎರಡು ಗಂಟೆ ಆಯಿತು. ನಡುನಡುವೆ ಅವನು ಗೋಣಿ ಎತ್ತಿ ನೋಡುತ್ತಿದ್ದ. ನೋಡುತ್ತಿದ್ದದ್ದು ಐಸನ್ನು. ಕ್ಯಾನಿನ ಮುಚ್ಚಳವನ್ನು ಒಮ್ಮೆಯೂ ತೆಗೆಯಲಿಲ್ಲ.

“ನೋಡಿ ಬೇಕಾದರೆ, ಬೆರಳಿನಷ್ಟೂ ಕರಗಿಲ್ಲ!” ಎಂದು ಎದೆ ಉಬ್ಬಿಸಿ ಹೇಳಿದ.

ಹೆಂಡತಿ ಬಂದು ಮುಚ್ಚಳ ತೆಗೆದಳು. ಸೌಟು ಅದ್ದಿದಳು. ಹಾಲು ಹಾಲಾಗಿಯೇ ಕೆಳಗಿಳಿಯಿತು.

“ಐಸೂ ಹಾಗೇ ಇದೆ, ಹಾಲೂ ಹಾಗೇ ಇದೆ” ಎಂದಳು.

ಮಗಳಿಗೆ ತಡೆಯಲಾಗಲಿಲ್ಲ. ಇದ್ದ ಹಾಗೇ ಕೊಡು ಎಂದು ಒಂದು ಚಮಚ ಬಾಯಿಗಿಟ್ಟಳು. ಅದು ಗಂಟಲು ದಾಟುವ ಮೊದಲೇ ಎದ್ದು ಬಚ್ಚಲಿಗೆ ಓಡಿದಳು. ಅವಳು ವಾಂತಿ ಮಾಡುವುದು ಹಿತ್ತಲಿಗೆ ಕೇಳಿಸಿತು.

ಹೆಂಡತಿ ಒಳಗೆ ಹೋದಳು. ಬರುವಾಗ ಒಂದು ಕಂಕುಳಲ್ಲಿ ಉಪ್ಪಿನ ಮರಿಗೆ ಇತ್ತು, ಇನ್ನೊಂದು ಕೈಯಲ್ಲಿ ಒನಕೆ. ಐಸಿನವನು ಗಡ್ಡೆಗೆ ಅಡ್ಡ ನಿಂತ.

“ಅದನ್ನು ಒಳಗಿಡು. ಉಪ್ಪು ಬಿದ್ದರೆ ಗಂಟೆಯೊಳಗೆ ಎಲ್ಲ ನೀರು.”

“ನೀರಾಗಲಿ ಇವರೇ. ಚಿಕ್ಕವಳಿದ್ದಾಗ ಆಗರದಲ್ಲಿ ಐಸಿನ ಚೂರಿಗೆ ಉಪ್ಪು ಹಾಕಿ ಮುಷ್ಟಿಯಲ್ಲಿ ಹಿಡಿದಿದ್ದೆ. ಬೆಂಕಿ ಹಿಡಿದ ಹಾಗೆ ಉರಿಯಿತು. ಕರಗುವಾಗ ಅದರ ಚಳಿಯೇ ಬೇರೆ. ಕರಗಲು ಬಿಟ್ಟು ನೋಡಿ.”

“ಕಾರ್ಖಾನೆ ಮುಚ್ಚಿದೆ ಮಾರಾಯ್ತಿ. ಇರುವುದು ಇದೊಂದೇ.”

“ಮಗಳೂ ಒಬ್ಬಳೇ.”

ಅವನು ಗುಳಿಯಿಂದ ಕ್ಯಾನು ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಅವಳ ಕೈಯಿಂದ ಒನಕೆ ತೆಗೆದುಕೊಂಡ. ತಾನೇ ಎತ್ತಿದ. ಮೊದಲ ಪೆಟ್ಟಿಗೆ ಕಣ್ಣು ಮುಚ್ಚಿದ. ಎರಡನೆಯದಕ್ಕೆ ತೆರೆದ. ಮೂರನೆಯದಕ್ಕೆ ಗಡ್ಡೆ ನೂರು ಚೂರಾಯಿತು.

ದೊಡ್ಡ ಬಕೆಟ್ಟಿನ ನಡುವೆ ಕ್ಯಾನು ಇಟ್ಟರು. ಸುತ್ತ ಒಂದು ಪದರ ಐಸು, ಒಂದು ಹಿಡಿ ಕಲ್ಲುಪ್ಪು. ಮತ್ತೆ ಐಸು, ಮತ್ತೆ ಉಪ್ಪು. ಐಸಿನವನು ಕ್ಯಾನಿನ ಹಿಡಿ ಹಿಡಿದು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಐಸು ಚಟಚಟ ಎಂದಿತು. ಬುಡದಲ್ಲಿ ನೀರು ಕೂಡತೊಡಗಿತು. ಆದರೂ ಕೈ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಕ್ಯಾನಿನ ಮೈ ಬೆಳ್ಳಗಾಯಿತು. ಅವನು ಬೆರಳಿಟ್ಟ. ಬೆರಳು ಅಲ್ಲೇ ಅಂಟಿತು. ಕಿತ್ತುಕೊಂಡು ಬಾಯಲ್ಲಿಟ್ಟುಕೊಂಡ. ಮೂವತ್ತು ವರ್ಷ ಐಸು ಹೊತ್ತ ಕೈ ಅದು. ಅಂಥ ಚಳಿಯನ್ನು ಒಂದು ದಿನವೂ ಮುಟ್ಟಿರಲಿಲ್ಲ.

“ಹಾಕು ಉಪ್ಪು!” ಎಂದು ಕೂಗಿದ. “ಇನ್ನೂ ಹಾಕು! ಏನು ಕಂಜೂಸುತನ ನಿನ್ನದು, ಮರಿಗೆಯನ್ನೇ ಸುರಿ!”

“ಅಯ್ಯಯ್ಯೋ, ಐಸಿನವನಿಗೆ ಉಪ್ಪಿನ ಹುಚ್ಚು ಹಿಡಿಯಿತು! ಬನ್ನಿ ಎಲ್ಲ, ಬಂದು ನೋಡಿ!” ಎಂದು ಮುದುಕಿ ಕೇರಿಗೆಲ್ಲ ಕೇಳುವಂತೆ ಕೂಗಿದಳು. ಹೆಂಡತಿ ನಗುತ್ತಾ ಸುರಿದಳು. ಈ ಸಲ ಬಾಯಿಗೆ ಸೆರಗು ಅಡ್ಡ ಹಿಡಿಯಲಿಲ್ಲ. ಅವನ ತೋಳು ಸೋತಾಗ ಅವಳು ತಿರುಗಿಸಿದಳು. ಅವಳು ಸೋತಾಗ ಅವನು. ಕೊನೆಗೆ ಇಬ್ಬರೂ ಒಂದೇ ಹಿಡಿಗೆ ಕೈ ಹಾಕಿ ತಿರುಗಿಸಿದರು. ಮದುವೆಯ ದಿನ ಕೈ ಕೂಡಿದ ಮೇಲೆ ಕೇರಿಯ ಎದುರಿಗೆ ಅವರು ಹಾಗೆ ಕೈ ಸೇರಿಸಿದ್ದು ಅದೇ ಮೊದಲು.

ಕ್ಯಾನಿನ ಒಳಗೆ ಗುಳುಗುಳು ಎನ್ನುತ್ತಿದ್ದ ಸದ್ದು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ನಿಂತುಹೋಯಿತು.

ಅವನು ಮುಚ್ಚಳಕ್ಕೆ ಕೈ ಹಾಕಿದ. ಹೆಂಡತಿ ಫಟ್ಟೆಂದು ಕೈಗೆ ಹೊಡೆದಳು.

“ಮೇಲಿನ ಉಪ್ಪುನೀರು ಒರೆಸಿ ಮೊದಲು! ಒಳಗೆ ಒಂದು ಹನಿ ಬಿದ್ದರೆ ಮಾಡಿದ್ದೆಲ್ಲ ಹಾಳು.”

ಅವನು ತನ್ನ ಹೆಗಲ ಮೇಲಿನ ಬಟ್ಟೆಯಿಂದ ಒರೆಸಿದ. ತೆಗೆದ. ಒಳಗೆ ಹಳದಿಯದು ಗಟ್ಟಿಯಾಗಿ ನಿಂತಿತ್ತು. ಚಮಚ ಚುಚ್ಚಿದರೆ ಚಮಚವೂ ನಿಂತಿತು. ಮಾವಿನ ವಾಸನೆ ತಣ್ಣಗೆ ಮೇಲೆದ್ದಿತು.

ಮಗಳು ಒಂದು ಚಮಚ ಬಾಯಿಗಿಟ್ಟಳು. ಎಲ್ಲರೂ ಅವಳ ಗಂಟಲನ್ನೇ ನೋಡಿದರು. ಅದು ಇಳಿಯಿತು. ಅವಳು ಕಣ್ಣು ಮುಚ್ಚಿ ಕುಳಿತಳು. ಏಳಲಿಲ್ಲ, ಓಡಲಿಲ್ಲ. ಎರಡನೆಯ ಚಮಚ ಇಳಿಯಿತು. ಮೂರನೆಯದು ಇಳಿಯಿತು. ಆಮೇಲೆ ಕಣ್ಣು ತೆರೆದಳು.

“ಅಪ್ಪ, ಏನು ನೋಡ್ತಾ ಕೂತ್ರಿ? ಕ್ಯಾನು ಈಚೆ ಕೊಡಿ.”

ಮುದುಕಿ ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಹೆಂಡತಿ ಬಕೆಟ್ಟು ಎತ್ತಿ ಮೋರಿಗೆ ಸುರಿದಳು. ಅದರಲ್ಲಿ ಐಸಿನ ಒಂದು ಚೂರೂ ಇರಲಿಲ್ಲ, ಬರೀ ನೀರು. ಐಸಿನವನು ಅತ್ತ ತಿರುಗಲಿಲ್ಲ. ಮಗಳು ತಿನ್ನುವುದನ್ನೇ ನೋಡುತ್ತಾ ಕುಳಿತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಚನ್ನವೀರ ಕತೆಯ ಉದ್ದಕ್ಕೂ ಮುಂದೆ ಮುಂದೆ ಸರಿದು ಗುರುಗಳ ಮೊಣಕಾಲಿನವರೆಗೆ ಬಂದಿದ್ದ. ಮುಖದಲ್ಲಿ ಇನ್ನೂ ನಗು ಇತ್ತು. ಆಮೇಲೆ ಏನೋ ನೆನಪಾದವನಂತೆ ಹಿಂದೆ ಸರಿದು ಕುಳಿತ.

“ಆದರೆ ಗುರುಗಳೇ, ಮೂವತ್ತು ವರ್ಷ ಕಾಪಾಡಿದವನು ಅವನು. ಕೊನೆಗೆ ಅವನ ಪಾಲಿಗೆ ಏನೂ ಉಳಿಯಲಿಲ್ಲವಲ್ಲ?”

“ಅದಿರಲಿ, ನಿನ್ನ ಮನೆಯಲ್ಲಿ ಹಸಿದವರು ಯಾರು?”

ಚನ್ನವೀರ ಎದ್ದ. ಗುಡ್ಡದ ಕಡೆ ತಿರುಗದೆ ಊರಿನ ದಾರಿ ಹಿಡಿದ.