ಚಿಮ್ಮಕ್ಕನ ಮೆಟ್ಟಿನ ಅಟ್ಟೆ

ಮರಕ್ಕಿಂತ ಬಂಡೆಯೇ ಹೆಚ್ಚಿದ್ದ ಒಂದು ಕಾಡಿನಲ್ಲಿ ಚಿಮ್ಮಕ್ಕ ಎಂಬ ಮೊಲವಿದ್ದಳು. ಬೇಸಿಗೆ ಬಂತೆಂದರೆ ಅವಳಿಗೆ ಒಂದು ಕೆಲಸ. ಗುಡ್ಡದ ನೆತ್ತಿಯಲ್ಲಿ ಕುಳಿತು ಸುತ್ತಲೂ ನೋಡುತ್ತಿರಬೇಕು. ಎಲ್ಲಾದರೂ ಹೊಗೆ ಎದ್ದರೆ ಓಡಿಹೋಗಿ ತಗ್ಗಿನಲ್ಲಿದ್ದವರಿಗೆ ಸುದ್ದಿ ಮುಟ್ಟಿಸಬೇಕು. ಮರಿಗಳಿದ್ದ ಪ್ರಾಣಿಗಳೆಲ್ಲ ಆ ತಗ್ಗಿನಲ್ಲೇ ಇದ್ದವು. ಸುದ್ದಿ ಬೇಗ ಸಿಕ್ಕರೆ ಹಳ್ಳ ದಾಟಿ ಜೀವ ಉಳಿಸಿಕೊಳ್ಳುತ್ತಿದ್ದವು.

ಓಡುವ ದಾರಿ ಕೆಟ್ಟದಾಗಿತ್ತು. ಮೊದಲು ಕಾದ ಬಂಡೆ, ಆಮೇಲೆ ಕಾಲು ಜಾರುವ ಗರಸಿನ ಇಳಿಜಾರು, ಕೊನೆಗೆ ಮುಳ್ಳಿನ ಪೊದೆಗಳು. ಒಂದು ವರ್ಷ ಓಡುವಾಗ ಅವಳ ಅಂಗಾಲು ಒಡೆದು ರಕ್ತ ಬಂತು. ತಗ್ಗು ಮುಟ್ಟುವುದು ತಡವಾಯಿತು. ಗೌಜಲಕ್ಕಿಯ ಗೂಡೊಂದು ಮೊಟ್ಟೆಗಳ ಸಮೇತ ಸುಟ್ಟುಹೋಯಿತು. ಗೌಜಲಕ್ಕಿ ಸಂಜೆಯವರೆಗೂ ಆ ಬೂದಿಯನ್ನು ಕೆದಕುತ್ತಲೇ ಇತ್ತು. ಅದನ್ನು ನೋಡಿ ಚಿಮ್ಮಕ್ಕನಿಗೆ ಸಂಕಟವಾಯಿತು.

ದೊಡ್ಡಯ್ಯ ಎಂಬ ಕಾಡುಕೋಣ ಆ ಕಾಡಿಗೆ ಹಿರಿಯ. ಮರುವರ್ಷ ಬೇಸಿಗೆಗೆ ಮುಂಚೆಯೇ ಅವನು ಎಲ್ಲರನ್ನೂ ಕರೆಸಿದ.

"ಚಿಮ್ಮಕ್ಕನ ಕಾಲಿಗೆ ಮೆಟ್ಟು ಬೇಕು. ಒಳ್ಳೆಯ ಮೆಟ್ಟು ಮಾಡಿಕೊಟ್ಟವರಿಗೆ ಗುಡ್ಡದ ಮೇಲಿನ ಅತ್ತಿಮರ ಬಿಟ್ಟುಕೊಡುತ್ತೇವೆ" ಎಂದ.

ಇಬ್ಬರು ಮುಂದೆ ಬಂದರು. ಒಬ್ಬ ಮುಳ್ಳಯ್ಯ ಎಂಬ ಮುಳ್ಳುಹಂದಿ. ಉದುರಿದ ತನ್ನ ಮುಳ್ಳುಗಳನ್ನೇ ದಬ್ಬಳ ಮಾಡಿಕೊಂಡು ಅವನು ಹೊಲಿಗೆ ಹಾಕುತ್ತಿದ್ದ. ಇನ್ನೊಬ್ಬ ಪುನುಗಪ್ಪ ಎಂಬ ಪುನುಗುಬೆಕ್ಕು. ಅವನಿಗೆ ಕೈಗಿಂತ ಬಾಯಿ ಚುರುಕು.

ಮುಳ್ಳಯ್ಯ ಮೊದಲು ಚಿಮ್ಮಕ್ಕನನ್ನು ಒದ್ದೆ ಮಣ್ಣಿನ ಮೇಲೆ ಓಡಿಸಿದ. ಹೆಜ್ಜೆ ಎಲ್ಲಿ ಆಳವಾಗಿ ಊರಿದೆ, ಯಾವ ಕಡೆಗೆ ವಾಲಿದೆ ಎಂದು ಬಗ್ಗಿ ನೋಡಿದ. ಆಮೇಲೆ ಮೆಟ್ಟಿನ ತಳಕ್ಕೆ ಗಟ್ಟಿ ತೊಗಟೆಯ ಅಟ್ಟೆ ಕೊಯ್ದು ಕೊಟ್ಟ. ಅದು ಸವೆಯಲಿಲ್ಲ, ಆದರೆ ಅವಳ ಕಾಲಿಗೆ ಬೊಬ್ಬೆ ಎದ್ದಿತು. ಅದನ್ನು ಬಿಚ್ಚಿ ದಪ್ಪಗೆ ಬೂರುಗದ ಹತ್ತಿ ತುಂಬಿದ. ಈಗ ಕಾಲಿಗೆ ಹಿತವಾಯಿತು, ಆದರೆ ಇಳಿಜಾರಿನಲ್ಲಿ ಪಾದ ಹೊರಳತೊಡಗಿತು.

"ಇನ್ನೂ ಆಗಿಲ್ಲ. ಸ್ವಲ್ಪ ದಿನ ತಡೆಯವ್ವ" ಎಂದ ಮುಳ್ಳಯ್ಯ.

ಪುನುಗಪ್ಪ ಇದನ್ನೆಲ್ಲ ಪೊದೆಯ ಮರೆಯಿಂದ ನೋಡಿದ್ದ. ಅವನು ಬೂರುಗದ ಹತ್ತಿಯನ್ನೇ ಗೇಣೆತ್ತರ ತುಂಬಿ ಮೇಲೆ ತೆಳ್ಳನೆಯ ತೊಗಟೆ ಸುತ್ತಿದ. ಘಮಘಮ ಅನ್ನುವಂತೆ ಪುನುಗು ಸವರಿದ. ನಾಲ್ಕೇ ದಿನದಲ್ಲಿ ಮೆಟ್ಟುಗಳನ್ನು ದೊಡ್ಡಯ್ಯನ ಮುಂದೆ ಇಟ್ಟ.

ಹುಲ್ಲಿನ ಬಯಲಿನಲ್ಲಿ ಚಿಮ್ಮಕ್ಕ ಅವನ್ನು ಹಾಕಿಕೊಂಡು ಹತ್ತು ಹೆಜ್ಜೆ ಓಡಿದಳು.

"ಮೋಡದ ಮೇಲೆ ನಡೆದಂಗಿದೆ!" ಎಂದಳು. ಎಲ್ಲರೂ ತಲೆದೂಗಿದರು.

"ಇಳಿಜಾರಿನಲ್ಲೂ ಒಮ್ಮೆ ಓಡಿ ನೋಡಲಿ" ಎಂದ ಮುಳ್ಳಯ್ಯ.

ಪುನುಗಪ್ಪ ನಕ್ಕ. "ಹೊಸ ಮೆಟ್ಟನ್ನು ಯಾರಾದರೂ ಕಲ್ಲಿಗೆ ಉಜ್ಜುತ್ತಾರೇನಯ್ಯ? ನಿನ್ನ ಕೈಲಿ ಆಗಲಿಲ್ಲ ಅಂತ ಹೊಟ್ಟೆಕಿಚ್ಚು ನಿನಗೆ."

ಅತ್ತಿಮರ ಪುನುಗಪ್ಪನ ಪಾಲಾಯಿತು.

ಮೂರೇ ದಿನಕ್ಕೆ ಹತ್ತಿ ಒಂದು ಪಕ್ಕಕ್ಕೆ ಒತ್ತಿಕೊಂಡಿತು. ಗರಸಿನ ಮೇಲೆ ಚಿಮ್ಮಕ್ಕನ ಹಿಂಗಾಲು ಉಳುಕಿತು. ಅವಳು ಕುಂಟುತ್ತ ಅತ್ತಿಮರದ ಬುಡಕ್ಕೆ ಹೋದಳು. ಪುನುಗಪ್ಪ ಹಣ್ಣು ತಿನ್ನುತ್ತ ಮೇಲಿಂದಲೇ ಹೇಳಿದ: "ಮೆಟ್ಟು ಸರಿಯಾಗೇ ಇದೆ. ನಿನ್ನ ನಡಿಗೆಯೇ ಸೊಟ್ಟ."

ಚಿಮ್ಮಕ್ಕ ಆ ಮಾತನ್ನು ನಂಬಿದಳು. ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ. ಕೊನೆಗೆ ತಡೆಯಲಾರದೆ ಮುಳ್ಳಯ್ಯನ ಬಳಿಗೆ ಹೋದಳು.

"ನನ್ನ ಕಾಲೇ ಸರಿಯಿಲ್ಲವಂತೆ ಮುಳ್ಳಯ್ಯ. ಈ ಕೆಲಸಕ್ಕೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ."

"ಕಾಲಿಗೆ ತಕ್ಕ ಹಾಗೆ ಮೆಟ್ಟು ಮಾಡಬೇಕೇ ಹೊರತು ಮೆಟ್ಟಿಗೆ ತಕ್ಕ ಹಾಗೆ ಕಾಲಲ್ಲ. ಕೂತುಕೋ" ಎಂದ ಮುಳ್ಳಯ್ಯ.

ಅವನು ಬೇರೆ ಅಟ್ಟೆ ತೆಗೆದ. ಕೆಳಗೆ ಗಟ್ಟಿ ತೊಗಟೆ, ಜಾರದಂತೆ ಅದರಲ್ಲಿ ಅಡ್ಡಡ್ಡ ಗೀರು. ನಡುವೆ ಒತ್ತಿದರೆ ಬಗ್ಗಿ ಬಿಟ್ಟರೆ ಏಳುವ ಬೆಂಡು. ಮೇಲೆ ಹತ್ತಿಯ ಒಂದೇ ಒಂದು ತೆಳು ಪದರ. ಹಿಮ್ಮಡಿಯ ಕಡೆ ಪಾದಕ್ಕಿಂತ ಅಗಲ ಬಿಟ್ಟು ಸುತ್ತಲೂ ಅಂಚು ಎತ್ತರಿಸಿದ. ಕತ್ತಾಳೆ ನಾರಿನಿಂದ ಹೊಲಿದ. ಕಾಲು ವಾಸಿಯಾದ ಮೇಲೆ ಅವಳನ್ನು ಇಳಿಜಾರಿನಲ್ಲೇ ಓಡಿಸಿದ. ಅಟ್ಟೆಯ ಹೊರಬದಿ ಬೇಗ ಸವೆಯುವುದು ಕಂಡಿತು. ಅಲ್ಲಿ ಇನ್ನೊಂದು ಪದರ ಕೂರಿಸಿದ.

"ಮೊದಲಿನಷ್ಟು ಮೆತ್ತಗಿಲ್ಲ" ಎಂದಳು ಚಿಮ್ಮಕ್ಕ.

"ಇಲ್ಲವ್ವ. ಪೂರಾ ಮೆತ್ತಗಾದರೆ ಹಿಡಿತ ತಪ್ಪುತ್ತೆ. ಪೂರಾ ಗಟ್ಟಿಯಾದರೆ ಕಾಲು ಸಾಯುತ್ತೆ. ಹಿತ, ಹಿಡಿತ, ಬಾಳಿಕೆ, ಒಂದೊಂದರಲ್ಲೂ ಚೂರು ಬಿಟ್ಟುಕೊಟ್ಟರೆ ಮೂರೂ ಸಿಗುತ್ತವೆ. ಓಡುವಾಗ ಕಾಲಿನ ಕಡೆ ಗಮನ ಹೋಯಿತೇ?"

ಚಿಮ್ಮಕ್ಕ ಯೋಚಿಸಿದಳು. "ಇಲ್ಲ" ಎಂದಳು.

"ಹಾಗಾದರೆ ಸರಿ."

ಆ ಬೇಸಿಗೆಯ ಒಂದು ಮಧ್ಯಾಹ್ನ ಗುಡ್ಡದ ಹಿಂದೆ ಹೊಗೆ ಎದ್ದಿತು. ಗಾಳಿ ತಗ್ಗಿನ ಕಡೆಗೇ ಬೀಸುತ್ತಿತ್ತು. ಚಿಮ್ಮಕ್ಕ ಮುಳ್ಳಯ್ಯನ ಮೆಟ್ಟಿನಲ್ಲಿ ಓಟ ಕಿತ್ತಳು. ಅತ್ತಿಮರದ ಮೇಲಿದ್ದ ಪುನುಗಪ್ಪನೂ ಇಳಿದು ಓಡಿದ. ಎಲ್ಲರಿಗೂ ತೋರಿಸಿಕೊಳ್ಳಲೆಂದು ಅವನು ತನಗೂ ಅಂಥದೇ ಮೆಟ್ಟು ಮಾಡಿಕೊಂಡು ಯಾವಾಗಲೂ ಅದನ್ನೇ ಹಾಕಿಕೊಂಡಿರುತ್ತಿದ್ದ. ಬಿಚ್ಚಿ ಎಸೆಯಲು ಈಗ ಪುರಸೊತ್ತಿರಲಿಲ್ಲ. ಗರಸಿನ ಮೇಲೆ ಅಟ್ಟೆ ಮಡಚಿಕೊಂಡಿತು. ಅವನು ಉರುಳಿ ಎರಡು ಬಂಡೆಗಳ ನಡುವೆ ಬಿದ್ದ. ಮುಂಗಾಲು ಮುರಿಯಿತು.

"ಚಿಮ್ಮಕ್ಕಾ! ನನ್ನನ್ನು ಬಿಟ್ಟು ಹೋಗಬೇಡ!"

ಚಿಮ್ಮಕ್ಕ ಒಂದು ಗಳಿಗೆ ನಿಂತಳು. ಅವನನ್ನು ಎತ್ತುವ ಶಕ್ತಿ ಅವಳಿಗಿರಲಿಲ್ಲ. ಕೆಳಗೆ ಮರಿಗಳಿದ್ದವು.

"ದೊಡ್ಡಯ್ಯನನ್ನು ಕಳಿಸುತ್ತೇನೆ. ಕೂಗುತ್ತಲೇ ಇರು" ಎಂದು ಹೇಳಿ ಓಡಿದಳು.

ಬೆಂಕಿ ತಗ್ಗಿಗೆ ಇಳಿಯುವಷ್ಟರಲ್ಲಿ ಎಲ್ಲರೂ ಹಳ್ಳದ ಆಚೆ ದಡದಲ್ಲಿದ್ದರು. ಗೌಜಲಕ್ಕಿ ತನ್ನ ಏಳು ಮರಿಗಳನ್ನು ಎರಡೆರಡು ಸಲ ಎಣಿಸಿತು. ದೊಡ್ಡಯ್ಯ ಮಾತ್ರ ಗುಡ್ಡದ ಕಡೆ ನುಗ್ಗಿ ಪುನುಗಪ್ಪನನ್ನು ಕೊಂಬಿನ ಮೇಲೆ ಹೊತ್ತು ತಂದ. ಪುನುಗಪ್ಪನ ಬಾಲದ ಕೂದಲೆಲ್ಲ ಸುಟ್ಟಿತ್ತು.

"ಇಳಿಜಾರಿನಲ್ಲಿ ಈ ಮೆಟ್ಟು ನಿಲ್ಲೋದಿಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತೇ?" ಎಂದು ದೊಡ್ಡಯ್ಯ ಕೇಳಿದ.

ಪುನುಗಪ್ಪ ತಲೆ ತಗ್ಗಿಸಿದ. "ಗೊತ್ತಿತ್ತು" ಎಂದ.

ಅತ್ತಿಮರ ಮುಳ್ಳಯ್ಯನ ಪಾಲಾಯಿತು. ಪುನುಗಪ್ಪನ ಮುರಿದ ಕಾಲು ಕೂಡಿತಾದರೂ ಗಿಡ್ಡವಾಯಿತು. ತನಗೂ ಒಂದು ಮೆಟ್ಟು ಬೇಕೆಂದು ಅವನು ಮುಳ್ಳಯ್ಯನ ಬಳಿಗೆ ಹೋದ. ಮುಳ್ಳಯ್ಯ ಇಲ್ಲ ಅನ್ನಲಿಲ್ಲ. ಆದರೆ ಅಂದು ಮೆಟ್ಟು ಬೇಕೆಂದವರ ಸಾಲು ಹಳ್ಳದವರೆಗೂ ಇತ್ತು. ಪುನುಗಪ್ಪ ಕುಂಟುತ್ತ ಹೋಗಿ ಸಾಲಿನ ಕೊನೆಯಲ್ಲಿ ನಿಂತ.

ನೀತಿ: ಹತ್ತು ಹೆಜ್ಜೆಯ ಸುಖಕ್ಕೆ ಮರುಳಾಗಬಾರದು; ಹಿತ, ಹಿಡಿತ, ಬಾಳಿಕೆ ಮೂರೂ ಹದವಾಗಿ ಕೂಡಿದ್ದೇ ದೂರದ ದಾರಿಗೆ ಆಗುತ್ತದೆ.