ಹೆಸರು ಹೇಳದೆ ಬೀಸಿದ ಬಲೆ

“ಗುರುಗಳೇ, ನನ್ನ ಹಿಂದೆ ಯಾರೂ ಇಲ್ಲ, ಮುಂದೆಯೂ ಯಾರೂ ಇರುವುದಿಲ್ಲ. ನಾನು ಯಾರಿಗಾಗಿ ಉಳಿಸಬೇಕು?”

ಹಿಪ್ಪೆಯ ಸಸಿಗಳಿಗೆ ನೀರು ಹೊಯ್ಯುತ್ತಿದ್ದ ಶಿಷ್ಯ ಕೊಡವನ್ನು ನೆಲಕ್ಕೆ ಕುಕ್ಕಿ ಹೀಗೆ ಕೇಳಿದ. ಹೆತ್ತವರನ್ನು ಕಳೆದುಕೊಂಡು ಆಶ್ರಮ ಸೇರಿದವನು ಅವನು. ಮಕ್ಕಳಿದ್ದವರು ಮಕ್ಕಳಿಗಾಗಿ ಮರ ನೆಡುತ್ತಾರೆ, ಕೆರೆ ಕಾಯುತ್ತಾರೆ. ಅದು ಅವನಿಗೆ ಅರ್ಥವಾಗುತ್ತಿತ್ತು. ಈ ಸಸಿಗಳು ನೆರಳು ಕೊಡುವ ಹೊತ್ತಿಗೆ ಗುರುಗಳು ಇರುವುದಿಲ್ಲ, ತಾನು ಎಲ್ಲಿರುತ್ತೇನೋ ಗೊತ್ತಿಲ್ಲ. ಮತ್ತೆ ಈ ಬಿಸಿಲಿನಲ್ಲಿ ಬೆನ್ನು ಮುರಿದುಕೊಳ್ಳುವುದು ಯಾವ ಭಾಗ್ಯಕ್ಕೆ ಎಂಬುದು ಅವನ ಸಂಕಟ.

“ಕೊಡ ಒಡೆದಿಲ್ಲ ತಾನೆ? ಹಾಗಾದರೆ ಕೂತುಕೋ” ಎಂದು ಗುರು ಕತೆ ಹೇಳಿದ.

ನದಿಯ ತಿರುವಿನಲ್ಲಿ ಒಂದು ಮಡು. ಬೇಸಿಗೆಯಲ್ಲಿ ಹೊಳೆಯೆಲ್ಲ ಸೊರಗಿದರೂ ಅಲ್ಲಿ ಆಳುದ್ದ ನೀರು ನಿಲ್ಲುತ್ತಿತ್ತು. ಮೀನೆಲ್ಲ ಅಲ್ಲಿ ಬಂದು ಸೇರುತ್ತಿದ್ದವು. ದಡದಲ್ಲಿ ಒಬ್ಬ ಬೆಸ್ತನ ಗುಡಿಸಲಿತ್ತು.

ಆ ಹೊಳೆಯ ಬೆಸ್ತರಲ್ಲಿ ಒಂದು ಪದ್ಧತಿ. ಬಲೆ ಬೀಸುವ ಮೊದಲು ಮೊಣಕಾಲುದ್ದ ನೀರಿನಲ್ಲಿ ನಿಂತು, ಮನೆಯಲ್ಲಿ ಉಣ್ಣುವವರ ಹೆಸರನ್ನು ಹೊಳೆಗೆ ಕೇಳುವಂತೆ ಹೇಳಬೇಕು. ನೆಂಟರು ಬಂದಿದ್ದರೆ ಅವರ ಹೆಸರನ್ನೂ ಹೇಳಬೇಕು. ತನ್ನ ಹೆಸರು ಕಡೆಗೆ. ಹೆಸರು ಹೇಳಿದವರಿಗೆ ಸಾಕಾಗುವಷ್ಟು ಮೀನು ಬಿದ್ದರೆ ಬಲೆ ಮಡಚಿ ಮೇಲೆ ಬರಬೇಕು. ಸುಳ್ಳು ಹೇಳಿದರೆ ಹಿಡಿಯುವವರು ಯಾರೂ ಇರಲಿಲ್ಲ. ಆದರೂ ಹೊಳೆಗೆ ಸುಳ್ಳು ಹೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಈ ಬೆಸ್ತ “ಹೊನ್ನಿ, ಮಾದ, ನಾನು” ಎನ್ನುತ್ತಿದ್ದ. ಹೊನ್ನಿ ಹೆಂಡತಿ, ಮಾದ ಮಗ. ಒಂದು ಮಳೆಗಾಲದಲ್ಲಿ ಜ್ವರ ಬಂದು ಇಬ್ಬರೂ ಹೋಗಿಬಿಟ್ಟರು.

ಸೂತಕ ಕಳೆದ ಮೇಲೆ ಅವನು ಬಲೆ ಹೊತ್ತು ನೀರಿಗಿಳಿದ. ಬಾಯಿ ತೆರೆದ. ಹೇಳಲು ಉಳಿದಿದ್ದು ತನ್ನ ಹೆಸರೊಂದೇ. ಕಡೆಗೆ ಹೇಳಬೇಕಾದ ಹೆಸರನ್ನು ಮೊದಲಿಗೆ ಹೇಳುವುದು ಹೇಗೆ? ಇಷ್ಟು ದೊಡ್ಡ ಹೊಳೆಯ ಮುಂದೆ ಒಬ್ಬನೇ ನಿಂತು ನನಗೆ ಕೊಡು ಎನ್ನಲು ಅವನಿಗೆ ನಾಚಿಕೆಯಾಯಿತು. ಏನೂ ಹೇಳದೆ ಬಲೆ ಬೀಸಿದ.

ಮೀನು ಬಿತ್ತು. ಮತ್ತೆ ಬೀಸಿದ, ಮತ್ತೆ ಬಿತ್ತು. ಹೆಸರು ಹೇಳಿದ ದಿನಗಳಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತಿರುತ್ತಿತ್ತು. ಈಗ ಗೊತ್ತಾಗಲಿಲ್ಲ. ತೋಳು ಸೋತಾಗ ನಿಲ್ಲಿಸಿದ. ಖಾಲಿ ಗುಡಿಸಲಿಗೆ ಬೇಗ ಹೋಗಿ ಮಾಡುವುದಾದರೂ ಏನಿತ್ತು? ದಿನವೂ ಹಾಗೆಯೇ ಆಯಿತು.

ಬುಟ್ಟಿ ತುಂಬ ಮೀನು ಕಂಡು ಒಬ್ಬ ವ್ಯಾಪಾರಿ ಅವನ ಬಾಗಿಲಿಗೆ ಬಂದ. ಮರಿಮೀನೂ ತಪ್ಪಿಸಿಕೊಳ್ಳದ ಸಣ್ಣ ಕಣ್ಣಿನ ಬಲೆಯೊಂದನ್ನು ತಂದು ಅವನ ಮುಂದೆ ಹರವಿದ. ಬೆಸ್ತ ಬೇಡವೆಂದು ತಲೆಯಾಡಿಸಿದ. ಮರಿ ಹಿಡಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ ಎಂದ.

ವ್ಯಾಪಾರಿ ನಕ್ಕ. “ಮುಂದುಲ್ ವರ್ಸಕ್ಕೆ ನಿಂಗ್ಯಾರವ್ರಪ್ಪಾ? ಹೆಂಡ್ರಾ, ಮಕ್ಳಾ? ನೀ ಹೋದ್ಮೇಲೆ ಈ ಮಡು ಯಾರ್ಗೆ ಅಂತ ಮಡಗ್ತೀಯ?”

ಬೆಸ್ತ ರಾತ್ರಿಯಿಡೀ ಆ ಮಾತನ್ನು ತಿರುಗಿಸಿ ನೋಡಿದ. ಅದರಲ್ಲಿ ಸುಳ್ಳು ಸಿಗಲಿಲ್ಲ. ನಿನಗೂ ಸಿಗುತ್ತಿರಲಿಲ್ಲ ಬಿಡು, ನೀನು ಈಗತಾನೆ ಕೇಳಿದ್ದೂ ಅದನ್ನೇ.

ಬೆಳಗಾದ ಮೇಲೆ ಅವನು ಹೊಸ ಬಲೆ ಹಿಡಿದ. ಮೊಟ್ಟೆ ತುಂಬಿದ ಮೀನನ್ನೂ ಬಿಡಲಿಲ್ಲ, ಬೆರಳುದ್ದದ ಮರಿಯನ್ನೂ ಬಿಡಲಿಲ್ಲ. ಎಲ್ಲವನ್ನೂ ವ್ಯಾಪಾರಿ ಹೊತ್ತುಕೊಂಡು ಹೋದ. ಬೆಸ್ತ ಹಿಂದಿನ ಹಾಗೆಯೇ ಒಂದು ಮುದ್ದೆ ಕಟ್ಟಿಕೊಂಡು ಒಬ್ಬನೇ ಉಂಡು ಮಲಗುತ್ತಿದ್ದ.

ಮಡುವಿನ ಆಚೆ ಬಂಡೆಯ ಸಂದಿಯಲ್ಲಿ ನೀರುನಾಯಿಗಳ ಒಂದು ಸಂಸಾರವಿತ್ತು. ಹಿಂದೆ ಅವು ಸಿಳ್ಳೆ ಹಾಕಿಕೊಂಡು ಬಂದು ಬಲೆ ಕಚ್ಚಿ ಹರಿಯುತ್ತಿದ್ದವು. ಹೊನ್ನಿ ಅವಕ್ಕೆ ಹೊಟ್ಟೆಬಾಕಗಳೇ ಎಂದು ಬೈದು, ಬೈದ ಬಾಯಲ್ಲೇ ಕರೆದು ಮೀನಿನ ತಲೆಗಳನ್ನು ಎಸೆಯುತ್ತಿದ್ದಳು. ಒಂದು ಕಾಲು ಕುಂಟುವ ಕೊಕ್ಕರೆ ಅವಳ ಹಿಂದೆಯೇ ಸುತ್ತುತ್ತಿತ್ತು, ಒಂದು ಆಮೆಯೂ ದಡಕ್ಕೆ ತೆವಳಿ ಬರುತ್ತಿತ್ತು. ಅವಳು ಹೋದ ಮೇಲೂ ಅವೆಲ್ಲ ಹೊತ್ತಿಗೆ ಸರಿಯಾಗಿ ಬಂದು ದಡದಲ್ಲಿ ಕಾಯುತ್ತಿದ್ದವು. ಬೆಸ್ತ ಅವುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ಬಲೆ ಬರಿದಾಗಿ ಮೇಲೆ ಬಂತು. ಮತ್ತೆ ಬೀಸಿದ. ಪಾಚಿ ಬಂತು, ಸತ್ತ ಬಸವನಹುಳುವಿನ ಚಿಪ್ಪು ಬಂತು. ಮಡುವಿನ ಈ ತುದಿಯಿಂದ ಆ ತುದಿಗೆ ಬೀಸಿದರೂ ಒಂದು ಮೀನು ಮಿಸುಕಲಿಲ್ಲ. ಅವನು ಬಂಡೆಯ ಮೇಲೆ ಕುಳಿತ. ಸಿಳ್ಳೆ ಇರಲಿಲ್ಲ. ಸಂದಿಯಲ್ಲಿ ಒಣಗಿದ ಹಿಕ್ಕೆ ಮಾತ್ರ ಉಳಿದಿತ್ತು. ಕೊಕ್ಕರೆ ಯಾವಾಗ ಹಾರಿಹೋಯಿತೋ ಅವನಿಗೆ ಗೊತ್ತೇ ಇರಲಿಲ್ಲ. ವ್ಯಾಪಾರಿಯೂ ಬೇರೆ ಮಡು ನೋಡಿಕೊಂಡಿದ್ದ.

ಹೆಂಡತಿ, ಮಗ ಹೋದ ದಿನ ತಾನು ಒಂಟಿಯಾದೆ ಎಂದು ಅವನು ತಿಳಿದಿದ್ದ. ಒಂಟಿಯಾಗುವುದೆಂದರೆ ಏನೆಂದು ಈಗ ತಿಳಿಯಿತು. ಹೊನ್ನಿಯಿಂದ ಬೈಸಿಕೊಳ್ಳುತ್ತಿದ್ದವರೂ ಉಳಿದಿರಲಿಲ್ಲ. ಅವಳು ಸತ್ತಾಗ ಕಲ್ಲಿನಂತೆ ಕೂತಿದ್ದವನು ಅಂದು ಬಿಕ್ಕಿ ಬಿಕ್ಕಿ ಅತ್ತ.

ಅತ್ತು ಮುಗಿದ ಮೇಲೆ ಎದ್ದು ಸಣ್ಣ ಕಣ್ಣಿನ ಬಲೆಯನ್ನು ಒಲೆಗೆ ಹಾಕಿದ. ಗಡಿಗೆ ಹೊತ್ತು ಹೊಳೆಯ ಗುಂಟ ಕೆಳಗೆ ನಡೆದ. ದೂರದ ಇನ್ನೊಂದು ಮಡುವಿನಿಂದ ನಾಲ್ಕಾರು ಜೀವಂತ ಮೀನು ಹಿಡಿದು, ನೀರು ತುಳುಕದಂತೆ ತಲೆಯ ಮೇಲೆ ಹೊತ್ತು ತಂದ. ತನ್ನ ಮಡುವಿನಲ್ಲಿ ಮೊಣಕಾಲುದ್ದ ನೀರಿಗಿಳಿದು ನಿಂತ. ಬಲೆ ಬೀಸುವಾಗ ಹೇಳುವಂತೆಯೇ ಗಟ್ಟಿಯಾಗಿ ಹೆಸರು ಹೇಳಿದ. ನೀರುನಾಯಿ ಎಂದ. ಅದರ ಮರಿಗಳು ಎಂದ. ಕುಂಟು ಕೊಕ್ಕರೆ ಎಂದ. ಆಮೆಯನ್ನು ನೆನೆದ. ಆಮೇಲೆ ಗಡಿಗೆಯನ್ನು ಮೆಲ್ಲಗೆ ಬಗ್ಗಿಸಿ ಮೀನುಗಳನ್ನು ನೀರಿಗೆ ಬಿಟ್ಟ. ತನ್ನ ಹೆಸರು ಹೇಳಲಿಲ್ಲ, ಅಂದು ಅವನು ತೆಗೆದುಕೊಳ್ಳಲು ಬಂದಿರಲಿಲ್ಲ.

ಆಚೆ ದಡದಲ್ಲಿ ಹೊರಟಿದ್ದ ಒಬ್ಬ ಮುದಿ ಬೆಸ್ತ ಇದನ್ನು ಕಂಡು ನಿಂತ. “ಯಾರ್ನಪ್ಪಾ ಕರೀತಿದ್ದೀಯ? ಅಲ್ಲಿ ಒಂದ್ ನರಪಿಳ್ಳೇನೂ ಇಲ್ವಲ್ಲೋ!”

“ಇದ್ದಾಗ ಕರೀನಿಲ್ಲ ಕನಣ್ಣ” ಎಂದ ಇವನು. “ಅದ್ಕೇ ಈಗ ಕರೀತಾವ್ನಿ.”

ಮುದುಕನಿಗೆ ಇವನ ತಲೆ ಕೆಟ್ಟಿದೆ ಅನಿಸಿತು. ಪಾಪ ಎಂದುಕೊಂಡು ಹೋದ.

ಬೆಸ್ತ ಪ್ರತಿ ಬೇಸಿಗೆಯೂ ಗಡಿಗೆ ಹೊತ್ತ. ತನ್ನ ಹೊಟ್ಟೆಗೆ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದ. ಮೀನು ನಿಧಾನಕ್ಕೆ ಹೆಚ್ಚಿದವು. ಒಂದು ವರ್ಷ ಯಾವುದೋ ಕೊಕ್ಕರೆ ಬಂದು ನಿಂತಿತು, ಅದು ಕುಂಟುತ್ತಿರಲಿಲ್ಲ. ಅವನು ಮತ್ತೆ ಬಲೆ ಹಿಡಿದಾಗ ಎಲ್ಲರ ಹೆಸರನ್ನೂ ಹೇಳಿ, ತನ್ನದನ್ನು ಕಡೆಗೆ ಹೇಳಿ, ಒಂದೇ ಸಲ ಬೀಸಿ ಮೇಲೆ ಬರುತ್ತಿದ್ದ. ದಿನವೂ ಸಂಜೆ ಬಂಡೆಯ ಕಡೆ ಕಿವಿಗೊಟ್ಟು ಕೂರುತ್ತಿದ್ದ. ಅವನು ಬದುಕಿರುವವರೆಗೂ ನೀರುನಾಯಿಗಳು ಬರಲಿಲ್ಲ. ಆಮೇಲೆ ಬಂದವೋ ಇಲ್ಲವೋ ನನಗೂ ಗೊತ್ತಿಲ್ಲ.

ಗುರು ಕತೆ ನಿಲ್ಲಿಸಿದ. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಅವನು ಕಣ್ಣೊರೆಸಿಕೊಂಡು ಹೇಳಿದ. “ಪಾಪ, ಗುರುಗಳೇ. ಕೊನೆಯವರೆಗೂ ಆ ಬೆಸ್ತನಿಗೆ ಯಾರೂ ಇರಲಿಲ್ಲ.”

ಗುರು ಕೊಡವನ್ನು ಅವನ ಕಡೆಗೆ ಸರಿಸಿದ.

“ಹಾಗೆಂದುಕೊಂಡ ದಿನವೇ, ಮಗು, ಅವನು ಹೆಸರು ಹೇಳದೆ ಬಲೆ ಬೀಸಿದ್ದು.”